‘ನಾನ ಹೇಳ್ತೀನ್ರಿ’

ಕಳೆದ ಜೂನ್‌ನಲ್ಲಿ ಅವಳಿಗೆ 18 ತುಂಬಿತು. ನಮ್ಮ ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ವಯಸ್ಸು ಮೀರಿದೆ’ ಎಂದು ಬರೆಯುವುದು ನನ್ನ ಕೆಲಸ. ಬರೆದೆ. ಬರೆದು ಪೆನ್ನಿನ ಮುಚ್ಚಳ ಹಾಕಿದ ಮೇಲೂ ಆ ಪುಟ ತಿರುವಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷ ಆ ಹುಡುಗಿಯ ಉಗುರಿನ ಬಣ್ಣ ನೋಡಿಕೊಂಡು ಬಂದಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿ ಸ್ಟಾಫ್ ನರ್ಸ್. ಆರ್‌ಬಿಎಸ್‌ಕೆ ಎಂದರೆ ಹಳ್ಳಿಯಲ್ಲಿ ಬಹಳ ಮಂದಿಗೆ ತಿಳಿಯುವುದಿಲ್ಲ, ‘ಸಾಲಿಗೆ ಬರೋ ಡಾಕ್ಟರ ಗಾಡಿ’ ಎಂದರೆ ತಕ್ಷಣ ತಿಳಿಯುತ್ತದೆ. ದೇಶದಲ್ಲಿ 2013ರಲ್ಲಿ ಶುರುವಾದ ಯೋಜನೆ ಇದು. ಇಬ್ಬರು ಆಯುಷ್ ವೈದ್ಯರು, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್ ಸೇರಿ ಒಂದು ತಂಡ. ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಹೋಗಿ ಪ್ರತಿ ಮಗುವನ್ನೂ ತಲೆಯಿಂದ ಪಾದದವರೆಗೆ ನೋಡುತ್ತೇವೆ. ಹುಟ್ಟಿನಿಂದ ಬಂದ ದೋಷ ಸಿಕ್ಕರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಇಂಥ ಮಕ್ಕಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರಕ್ಕೆ ಕಳಿಸುತ್ತೇವೆ, ಅಲ್ಲಿಂದ ಮುಂದೆ ದೊಡ್ಡ ಆಸ್ಪತ್ರೆಗೆ. ಹುಟ್ಟಿದಾಗಿನಿಂದ 18 ವರ್ಷದವರೆಗೆ ಎಲ್ಲವೂ ಉಚಿತ. ಹದಿನೆಂಟು ದಾಟಿದ ಮರುದಿನ ಏನು ಎಂಬುದಕ್ಕೆ ನಮ್ಮ ರಜಿಸ್ಟರಿನಲ್ಲಿ ಕಾಲಂ ಇಲ್ಲ. ಆ ಕಾಲಂ ಇಲ್ಲದ ಜಾಗದ ಬಗ್ಗೆಯೇ ಇವತ್ತು ಬರೆಯಬೇಕೆಂದು ಕೂತಿದ್ದೇನೆ.

ಅವಳ ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು, ಎಲ್ಲರೂ ‘ದೊಡ್ಡಾಕಿ’ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

2014ರ ಚಳಿಗಾಲ. ಒಂದು ಸರ್ಕಾರಿ ಶಾಲೆ. ಮಕ್ಕಳ ತೂಕ, ಎತ್ತರ ಮುಗಿಸಿ ಕಟ್ಟೆಯ ಮೇಲೆ ಕೂತು ರಜಿಸ್ಟರ್ ತುಂಬುತ್ತಿದ್ದೆ. ಬಯಲಲ್ಲಿ ಹುಡುಗಿಯರು ಕುಂಟಾಟ ಆಡುತ್ತಿದ್ದರು. ಒಂದು ಮಗು ನಾಲ್ಕು ಮನೆ ಕುಂಟಿ ಐದನೆಯ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿತು. ಮೊಣಕಾಲನ್ನು ಎದೆಗೆ ಅವುಚಿಕೊಂಡು, ತಲೆ ಬಗ್ಗಿಸಿ. ಸ್ವಲ್ಪ ಹೊತ್ತಿಗೆ ಎದ್ದು ಆಡಿತು, ಮತ್ತೆ ಕೂತಿತು. ‘ಅಕಿ ಹಂಗರಿ ಸಿಸ್ಟರ್, ಭಾಳ ಮೈಗಳ್ಳಿ’ ಎಂದರು ಟೀಚರ್. ಹತ್ತಿರ ಕರೆದು ಕೈ ಹಿಡಿದು ನೋಡಿದೆ. ಉಗುರುಗಳಿಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಬೆರಳ ತುದಿಗಳು ಗುಂಡಗೆ ಉಬ್ಬಿದ್ದವು. ಹಾಗೆ ಕೂರುವುದು ಮೈಗಳ್ಳತನವಲ್ಲ. ಕುಕ್ಕರುಗಾಲಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಒತ್ತಿಕೊಂಡು, ಮೈಯ ಕಡೆಗೆ ಹೋಗುವ ರಕ್ತಕ್ಕೆ ತಡೆ ಹೆಚ್ಚಿ, ಹೃದಯದೊಳಗಿನ ರಕ್ತ ಶ್ವಾಸಕೋಶದ ಕಡೆಗೆ ಇನ್ನಷ್ಟು ತಿರುಗುತ್ತದೆ. ಯಾರೂ ಹೇಳಿಕೊಡದೆ ಆ ಏಳು ವರ್ಷದ ಮಗು ತನ್ನ ಉಸಿರಿಗೆ ತಾನೇ ದಾರಿ ಕಂಡುಕೊಂಡಿತ್ತು.

ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ ಬಂದ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಒಂದೇ ಹೃದಯದಲ್ಲಿ ನಾಲ್ಕು ತೊಂದರೆ: ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಆ ತೂತಿನ ಮೇಲೆ ಸರಿದು ಕೂತಿರುವುದು, ಇಕ್ಕಟ್ಟಿನ ವಿರುದ್ಧ ದುಡಿದೂ ದುಡಿದೂ ದಪ್ಪಗಾದ ಬಲ ಹೃತ್ಕುಕ್ಷಿ, ಅಂದರೆ ಬಲಗಡೆಯ ಕೆಳಕೋಣೆ. 1888ರಲ್ಲಿ ಈ ನಾಲ್ಕನ್ನೂ ಒಟ್ಟಿಗೆ ವಿವರಿಸಿದ ಫ್ರಾನ್ಸಿನ ವೈದ್ಯ ಫ್ಯಾಲೋ. ಹೃದಯ ತೆರೆದು ಪೂರ್ತಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಮೊದಲು ಆದದ್ದು 1954ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ. ನಮ್ಮ ದೊಡ್ಡಾಕಿಗೆ ಆದದ್ದು 2015ರಲ್ಲಿ, ಬೆಂಗಳೂರಿನಲ್ಲಿ. ಆಸ್ಪತ್ರೆಗೆ ಒಂದು ಪೈಸೆ ಕಟ್ಟಲಿಲ್ಲ. ಆದರೆ ಹೋಗಿ ಬರುವ ಖರ್ಚಿಗೆ, ಅಲ್ಲಿ ಹೊಟ್ಟೆಗೆ ಅಂತ ಅವರಪ್ಪ ಎರಡು ಕುರಿ ಮಾರಿದ.

ವಾಪಸು ಬಂದಾಗ ಊರಿಗೆ ಊರೇ ನೋಡಲು ಬಂತು. ಅವಳ ತುಟಿ ಕೆಂಪಗಾಗಿದ್ದವು. ಅವರವ್ವ ಅವಳ ಬೆರಳನ್ನು ಬಿಸಿಲಿಗೆ ಹಿಡಿದು ಬಂದವರಿಗೆಲ್ಲ ತೋರಿಸಿದಳು. ‘ತೂತು ಮುಚ್ಯಾರ. ಇನ್ನೇನಿಲ್ಲ, ಆರಾಮಾದ್ಲು.’ ಆಗ ನಾನೂ ಅದೇ ಮಾತು ಆಡಿದೆ. ‘ಇನ್ನೇನಿಲ್ಲವ್ವಾ’ ಎಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಮುಂದೆ ವರ್ಷಗಟ್ಟಲೆ ಹಿಡಿಯಿತು.

ಯಾಕೆಂದರೆ ತೂತು ಮುಚ್ಚುವುದು ಕಥೆಯ ಅರ್ಧ. ಇಕ್ಕಟ್ಟಾದ ದಾರಿಯನ್ನು ಅಗಲ ಮಾಡುವಾಗ ಬಹಳ ಮಕ್ಕಳಲ್ಲಿ ಅಲ್ಲಿನ ಕವಾಟ ಸರಿಯಾಗಿ ಮುಚ್ಚಿಕೊಳ್ಳದಂತಾಗುತ್ತದೆ. ಶ್ವಾಸಕೋಶಕ್ಕೆ ಹೋದ ರಕ್ತ ಪ್ರತಿ ಬಡಿತಕ್ಕೂ ಒಂದಿಷ್ಟು ಹಿಂದೆ ಸೋರುತ್ತದೆ. ಹತ್ತು, ಇಪ್ಪತ್ತು ವರ್ಷ ಹಾಗೆ ಸೋರಿದರೆ ಬಲ ಹೃತ್ಕುಕ್ಷಿ ಹಿಗ್ಗುತ್ತಾ ಹೋಗುತ್ತದೆ. ಕೆಲವರಿಗೆ ದೊಡ್ಡವರಾದ ಮೇಲೆ ಹೊಸ ಕವಾಟ ಹಾಕಬೇಕಾಗುತ್ತದೆ. ಕೆಲವರಿಗೆ ಬಡಿತದ ಲಯ ತಪ್ಪುತ್ತದೆ. ಭಯಪಡಿಸಲು ಇದನ್ನು ಬರೆಯುತ್ತಿಲ್ಲ. ಹೆಚ್ಚಿನವರು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆದರೆ ಹೃದಯ ಹಿಗ್ಗುವಾಗ ಬಹಳ ದಿನ ಏನೂ ತಿಳಿಯುವುದಿಲ್ಲ, ಮನುಷ್ಯ ಆರಾಮಾಗಿಯೇ ಇರುತ್ತಾನೆ. ಅದಕ್ಕೇ ಆರಾಮಿದ್ದಾಗಲೂ ಎಕೋ, ಇಸಿಜಿ ಮಾಡಿಸುತ್ತಲೇ ಇರಬೇಕು. ‘ಆರಾಮ ಅದೀನಲ್ರಿ, ಯಾಕ ಹೋಗ್ಲಿ?’ ಎಂಬ ಪ್ರಶ್ನೆಗೆ ಉತ್ತರ ಇದೇ. ಈ ಉತ್ತರ ಅವ್ವನಿಗೆ ಗೊತ್ತಿದ್ದರೆ ಸಾಲದು. ಹೃದಯ ಯಾರದೋ ಅವರಿಗೆ ಗೊತ್ತಿರಬೇಕು.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ.

ಅವನಿಗೂ ಇದೇ ಕಾಯಿಲೆ. ನಾನು ಕೆಲಸಕ್ಕೆ ಸೇರುವ ಮುಂಚೆಯೇ ಆಪರೇಷನ್ ಆಗಿತ್ತು. ಎಸ್‌ಎಸ್‌ಎಲ್‌ಸಿ ಮುಗಿಸಿ ಶಾಲೆ ಬಿಟ್ಟ. ಶಾಲೆ ಬಿಟ್ಟರೆ ನಮ್ಮ ಗಾಡಿಯ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಮನೆಮನೆಯಿಂದ ಗುಳೆ ಹೋಗುತ್ತಾರೆ. ಹದಿನೆಂಟು ತುಂಬಿದ ಮೇಲೆ ಅವನೂ ಅಣ್ಣನ ಜೊತೆ ದೊಡ್ಡ ಊರಿಗೆ ಕಟ್ಟಡದ ಕೆಲಸಕ್ಕೆ ಹೋದ. 2019ರಲ್ಲಿ ಒಂದು ಮಧ್ಯಾಹ್ನ ಸಿಮೆಂಟ್ ಚೀಲ ಹೊರುವಾಗ ಎಚ್ಚರ ತಪ್ಪಿ ಬಿದ್ದ. ಆಸ್ಪತ್ರೆಗೆ ಒಯ್ದರು. ಬಡಿತ ವಿಪರೀತ ಏರಿತ್ತು, ಎದೆಗೆ ಕರೆಂಟ್ ಕೊಟ್ಟು ಲಯಕ್ಕೆ ತಂದರು. ಎಚ್ಚರ ಬಂದ ಮೇಲೆ ಡಾಕ್ಟರು ಕೇಳಿದರಂತೆ, ಎದೆಯ ಮೇಲೆ ಇದೇನು ಗಾಯ? ‘ಸಣ್ಣಾಂವಿದ್ದಾಗ ಆಪರೇಷನ್ ಆಗೇತ್ರಿ.’ ಏನು ಆಪರೇಷನ್? ‘ಗೊತ್ತಿಲ್ರಿ. ನಮ್ಮವ್ವಗ ಗೊತ್ತೈತಿ.’

ಅವ್ವ ಇದ್ದದ್ದು ನಮ್ಮ ತಾಲ್ಲೂಕಿನ ಹಳ್ಳಿಯಲ್ಲಿ. ಫೈಲು ಇದ್ದದ್ದು ಮನೆಯ ಟ್ರಂಕಿನಲ್ಲಿ. ಆಶಾ ಕಾರ್ಯಕರ್ತೆ ಫೋನ್ ಮಾಡಿದಳೆಂದು ನಾನು ಹೋದೆ. ಆ ತಾಯಿ ಟ್ರಂಕಿನಿಂದ ಮದುವೆ ಸೀರೆ ತೆಗೆದಳು, ಜಮೀನಿನ ಪಹಣಿ ತೆಗೆದಳು, ಅಡಿಯಲ್ಲಿ ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಗನ ಕಾಗದ. ಯಾವುದೋ ಮಳೆಗಾಲದಲ್ಲಿ ಮಾಳಿಗೆ ಸೋರಿ ನೀರು ಇಳಿದಿತ್ತು. ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳದಂತಾಗಿದ್ದವು. ಬಿಡಿಸಲು ಹೋದರೆ ಅಕ್ಷರ ಬಿಟ್ಟು ಕಾಗದ ಕೈಗೆ ಬರುತ್ತಿತ್ತು. ಮೊದಲ ಪುಟದಲ್ಲಿ ಅವನ ಹೆಸರು, ನೋಂದಣಿ ಸಂಖ್ಯೆ ಮಾತ್ರ ಉಳಿದಿದ್ದವು. ನಾನು ಪ್ರತಿ ವರ್ಷ ಆ ಫೈಲನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಒಂದು ಸಲವೂ ಫೋನಿನಲ್ಲಿ ಫೋಟೋ ಹೊಡೆದುಕೊಂಡಿರಲಿಲ್ಲ.

ಆ ಸಂಖ್ಯೆ ಹಿಡಿದು, ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಹಚ್ಚಿ ಹಚ್ಚಿ, ಪೂರ್ತಿ ವಿವರ ಸಿಗುವಷ್ಟರಲ್ಲಿ ಮೂರು ದಿನ ಹೋಗಿತ್ತು. ಹುಡುಗ ಬದುಕಿದ. ಆದರೆ ಆ ಮೂರು ದಿನ ಅಲ್ಲಿನ ಡಾಕ್ಟರು ಕತ್ತಲಲ್ಲಿ ಕೈಯಾಡಿಸಿದಂತೆ ಚಿಕಿತ್ಸೆ ಮಾಡಿದರು. ಈ ಆಪರೇಷನ್ ಆದವರ ಇಸಿಜಿ ಎಲ್ಲರಂತೆ ಇರುವುದಿಲ್ಲ. ಬಲಗಡೆಯ ವಿದ್ಯುತ್ ದಾರಿಯಲ್ಲಿ ತಡೆ ಇರುವುದು ಅವರಲ್ಲಿ ಸಾಮಾನ್ಯ. ಹಳೆಯ ಇಸಿಜಿ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುತ್ತದೆ. ಹಳೆಯದೇ ಇಲ್ಲದಿದ್ದರೆ? ಇನ್ನು ಕೆಲವರಿಗೆ ಚಿಕ್ಕಂದಿನಲ್ಲಿ ಮೊದಲು ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶಕ್ಕೆ ಒಂದು ಕವಲು ಮಾಡಿರುತ್ತಾರೆ. ಅಂಥವರ ಆ ಕೈಯಲ್ಲಿ ಬಿಪಿ ಕಡಿಮೆ ತೋರಿಸಬಹುದು. ಇದೂ ಬರೆದಿಟ್ಟರೆ ಮಾತ್ರ ಗೊತ್ತಾಗುವ ಸಂಗತಿ.

ಆ ರಾತ್ರಿ ಮನೆಗೆ ಬಂದು ಊಟ ಸೇರಲಿಲ್ಲ. ಅಷ್ಟು ವರ್ಷ ನಾನು ಮಗುವಿನ ಜೊತೆ ಮಾತಾಡಿಯೇ ಇರಲಿಲ್ಲ. ಎಲ್ಲ ಮಾತೂ ಅದರ ತಲೆಯ ಮೇಲಿಂದ, ಅವ್ವನ ಜೊತೆ. ಮಗು ಬೆಳೆದು ಗಡ್ಡ ಬಂದರೂ ನಾನು ಕೇಳುತ್ತಿದ್ದದ್ದು ‘ಯವ್ವಾ, ಇವಾಗ ಹೆಂಗದಾನ?’ ಎಂದೇ.

ಮರುವಾರವೇ ಒಂದು ಕೆಲಸ ಶುರು ಮಾಡಿದೆ. ಅಂಗಡಿಯಿಂದ 100 ಪುಟದ ನೋಟ್‌ಬುಕ್‌ಗಳನ್ನು ತಂದೆ. ನನ್ನ ಪಟ್ಟಿಯಲ್ಲಿ 12 ದಾಟಿದ, ಹುಟ್ಟಿನಿಂದ ಕಾಯಿಲೆ ಇರುವ ಪ್ರತಿ ಮಗುವಿಗೂ ಒಂದೊಂದು. ಮೊದಲ ಪುಟವನ್ನು ಮಗುವೇ ಬರೆಯಬೇಕು, ತನ್ನ ಅಕ್ಷರದಲ್ಲಿ. ನನ್ನ ಕಾಯಿಲೆಯ ಹೆಸರು ಏನು, ಯಾವ ವರ್ಷ ಎಲ್ಲಿ ಏನು ಆಪರೇಷನ್ ಆಯಿತು, ಒಳಗೆ ಏನು ಹಾಕಿದ್ದಾರೆ, ಏನು ಇನ್ನೂ ಉಳಿದಿದೆ, ಯಾವ ಗುಳಿಗೆ ಎಷ್ಟು ಹೊತ್ತಿಗೆ, ಯಾವ ಔಷಧ ನನಗೆ ಆಗುವುದಿಲ್ಲ, ಮುಂದಿನ ತಪಾಸಣೆ ಯಾವಾಗ. ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬ ಒಂದು ಸಾಲನ್ನು ಹೃದಯದ ಮಕ್ಕಳಿಗೆ ಡಾಕ್ಟರಿಂದಲೇ ಬರೆಸುತ್ತೇನೆ. ಎಲ್ಲರಿಗೂ ಬೇಕಿಲ್ಲ, ಕೆಲವರಿಗೆ ಬೇಕೇ ಬೇಕು. ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೃದಯದ ಕವಾಟಕ್ಕೆ ಹತ್ತಿದರೆ ಜೀವಕ್ಕೇ ಕುತ್ತು. ದಿನಕ್ಕೆರಡು ಸಲ ಹಲ್ಲುಜ್ಜುವುದು ಮಾತ್ರ ಎಲ್ಲರಿಗೂ ಬೇಕು. ಎರಡನೇ ಪುಟದಿಂದ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್, ಇಸಿಜಿಯ ಜೆರಾಕ್ಸ್. ಇಸಿಜಿ ಕಾಗದದ ಮೇಲಿನ ಗೆರೆ ಕೆಲವು ವರ್ಷಕ್ಕೆ ಮಾಸಿಹೋಗುತ್ತದೆ, ಆದ್ದರಿಂದ ಜೆರಾಕ್ಸ್ ಬೇಕೇ ಬೇಕು. ಎಲ್ಲದರ ಫೋಟೋ ಮನೆಯ ಫೋನಿನಲ್ಲೊಂದು, ನನ್ನ ಫೋನಿನಲ್ಲೊಂದು.

ಬರೆಸುವುದು ಸುಲಭ, ಮಾತಾಡಿಸುವುದು ಕಷ್ಟ. 2021ರಲ್ಲಿ ದೊಡ್ಡಾಕಿಗೆ 14. ಅವರ ಮನೆಯ ಪಡಸಾಲೆಯಲ್ಲಿ ಕೂತು ಕೇಳಿದೆ, ‘ನಿನಗ ಏನಾಗಿತ್ತು ತಂಗಿ?’ ಅವಳು ಅವ್ವನ ಮುಖ ನೋಡಿದಳು. ಅವ್ವ ಶುರು ಮಾಡಿದಳು, ‘ಅದ ರಿ ಸಿಸ್ಟರ್, ಎದ್ಯಾಗ ತೂತು...’ ನಾನು ಆ ತಾಯಿಯ ಕೈ ಹಿಡಿದು, ‘ಅಕ್ಕಾ, ಒಂದ್ ಚಾ ಮಾಡಿಕೊಂಡ್ ಬಾ ನನಗ’ ಎಂದೆ. ಅವಳು ಒಳಗೆ ಹೋದಳು. ಒಲೆಯ ಮುಂದೆ ಕೂತರೂ ಕಿವಿ ಇಲ್ಲೇ ಇತ್ತು. ಹುಡುಗಿ ಬಹಳ ಹೊತ್ತು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. ಆಮೇಲೆ ಮೆಲ್ಲಗೆ, ‘ನನಗ ಕೇಳಿಲ್ರಿ ಯಾರೂ’ ಎಂದಳು. ‘ಏನು ಕೇಳಿಲ್ಲ?’ ‘ನಿನಗ ಏನಾಗೇತಿ ಅಂತ. ಎಲ್ಲಾರೂ ಅವ್ವಗ ಕೇಳ್ತಾರ.’

ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಮನೆ ಬರೆದೆ, ನಾಲ್ಕು ಕೋಣೆ. ಎಲ್ಲಿ ತೂತಿತ್ತು, ಎಲ್ಲಿ ತೇಪೆ ಹಾಕಿದ್ದಾರೆ, ಎಲ್ಲಿ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಅವಳು ಅಲ್ಲಲ್ಲಿ ತಡೆದು ಕೇಳಿದಳು. ಅವಳು ಕೇಳಿದ ಒಂದು ಪ್ರಶ್ನೆ ನನಗಿನ್ನೂ ನೆನಪಿದೆ: ‘ತೇಪಿ ನನ್ನ ಜೋಡಿ ಬೆಳೀತದೇನ್ರಿ?’ ಇಲ್ಲ ತಂಗಿ, ತೇಪೆ ಬೆಳೆಯುವುದಿಲ್ಲ, ಸುತ್ತಲಿನ ನಿನ್ನ ಮಾಂಸ ಬೆಳೆಯುತ್ತದೆ ಎಂದೆ. ಆ ಹೆಸರನ್ನು ಬಾಯಲ್ಲಿ ಕೂರಿಸಲು ಅರ್ಧ ಗಂಟೆ ಹಿಡಿಯಿತು. ಟೆಟ್ರಾಲಜಿ. ಟೆಟ್ರಾಲಜಿ ಆಫ್. ಫ್ಯಾಲೋ. ಒಳಗಿನಿಂದ ಅವ್ವನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ಅಷ್ಟು ವರ್ಷ ಮಗಳನ್ನು ಹೊತ್ತು ತಿರುಗಿದ ಆ ತಾಯಿಗೂ ಹೆಸರು ಯಾರೂ ಕಲಿಸಿರಲಿಲ್ಲ.

ಎಲ್ಲ ಮಕ್ಕಳಿಗೂ ಕಲಿಸಬೇಕಾದದ್ದು ಒಂದೇ ಅಲ್ಲ. ಹುಟ್ಟಿನಿಂದ ಥೈರಾಯ್ಡ್ ಕೆಲಸ ಮಾಡದ ಒಬ್ಬ ಹುಡುಗಿ ಪಿಯುಸಿಗೆ ಹಾಸ್ಟೆಲ್ ಸೇರಿದಳು. ಮನೆಯಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ಬಾಯಿಗೆ ಹಾಕುತ್ತಿದ್ದವಳು ಅಜ್ಜಿ. ಹಾಸ್ಟೆಲಿನಲ್ಲಿ ಅಜ್ಜಿ ಇಲ್ಲ, ಗುಳಿಗೆಯೂ ನಿಂತಿತು. ಮುಖ ಊದಿ, ಸದಾ ನಿದ್ದೆಗಣ್ಣು, ಓದಿದ್ದು ತಲೆಗೆ ಹತ್ತದೆ ಎರಡು ವಿಷಯದಲ್ಲಿ ಫೇಲಾದಳು. ಆಮೇಲೆ ನಾವು ಮಾಡಿದ್ದು ಇಷ್ಟೇ, ಗುಳಿಗೆಯ ಡಬ್ಬಿಯನ್ನು ಅವಳ ಹಲ್ಲುಜ್ಜುವ ಬ್ರಷ್ ಪಕ್ಕ ಇಡಿಸಿದ್ದು. ಬ್ರಷ್ ಹಿಡಿದಾಗ ಗುಳಿಗೆ ನೆನಪಾಗುತ್ತದೆ. ಬೆನ್ನುಹುರಿಯ ದೋಷವಿರುವ ಹುಡುಗನೊಬ್ಬನಿಗೆ ದಿನಕ್ಕೆ ಹಲವು ಸಲ ನಳಿಗೆ ಹಾಕಿ ಮೂತ್ರ ತೆಗೆಯಬೇಕು. ಅವನಿಗೆ 13 ಆಗುವವರೆಗೂ ಅದನ್ನು ಮಾಡುತ್ತಿದ್ದವಳು ತಾಯಿ. ತಾಯಿ ಕೂಲಿಗೆ ಹೋದ ದಿನ ಅವನಿಗೆ ಶಾಲೆ ಇಲ್ಲ. ತಾನೇ ಮಾಡಿಕೊಳ್ಳಲು ಕಲಿತ ಮೇಲೆ ಅವನ ಹಾಜರಿ ನೋಡಿ ಹೆಡ್‌ಮಾಸ್ತರರೇ ನನಗೆ ಫೋನ್ ಮಾಡಿದರು. ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೆ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಹಾಳಾಗುತ್ತದೆ ಎಂದು ಈಗ ಅವನೇ ಬೇರೆಯವರಿಗೆ ಹೇಳುತ್ತಾನೆ.

ವಯಸ್ಸಿನ ಗೆರೆ ಎಲ್ಲ ಕಡೆ ಒಂದೇ ಇಲ್ಲದಿರುವುದು ಇನ್ನೊಂದು ಕಷ್ಟ. ನಮ್ಮ ಯೋಜನೆಗೆ 18. ಆದರೆ ಎಷ್ಟೋ ಆಸ್ಪತ್ರೆಗಳ ಮಕ್ಕಳ ವಿಭಾಗ 12ಕ್ಕೋ 14ಕ್ಕೋ ನಿಲ್ಲುತ್ತದೆ. ಹದಿನೈದರ ಹುಡುಗ ಮಕ್ಕಳ ಕಡೆ ಹೋದರೆ ದೊಡ್ಡವರ ಕಡೆ ಹೋಗು ಎನ್ನುತ್ತಾರೆ, ದೊಡ್ಡವರ ಕಡೆ ಹೋದರೆ ಇದು ಮಕ್ಕಳ ಕಾಯಿಲೆ ಎನ್ನುತ್ತಾರೆ. ಹದಿನೆಂಟರ ನಂತರ ಬಿಪಿಎಲ್ ಮನೆಯವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ವಯಸ್ಸಿನ ಮಿತಿ ಇಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ರೇಷನ್ ಕಾರ್ಡಿನಲ್ಲಿ ಹೆಸರು ಇರಬೇಕು, ಆಧಾರ್ ಸರಿ ಇರಬೇಕು. ಹದಿನೈದು ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕೆಂಬುದು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಮಗುವಿದ್ದಾಗ ಕೊಟ್ಟ ಬೆರಳಚ್ಚು ಕೌಂಟರಿನಲ್ಲಿ ಹೊಂದುವುದಿಲ್ಲ, ವಾಪಸು ಕಳಿಸುತ್ತಾರೆ. ಹೆಣ್ಣುಮಕ್ಕಳದು ಇನ್ನೂ ಕಷ್ಟ. ಮದುವೆಯಾದೊಡನೆ ತವರಿನ ಕಾರ್ಡಿನಿಂದ ಹೆಸರು ತೆಗೆಸುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ನಡುವೆ ಅವಳು ಯಾವ ಕಾರ್ಡಿನಲ್ಲೂ ಇರುವುದಿಲ್ಲ. ಮೊದಲ ಬಸಿರು ನಿಲ್ಲುವುದೂ ಬಹಳ ಸಲ ಆ ತಿಂಗಳುಗಳಲ್ಲೇ. ಅಂಗವಿಕಲರ ಕಾರ್ಡಿನ ಆಸೆಯೂ ಹೃದಯದ ಮಕ್ಕಳಿಗಿಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇವೆ, ಹುಟ್ಟಿನಿಂದ ಬಂದ ಹೃದಯದ ಕಾಯಿಲೆ ಇಲ್ಲ.

ಜುಲೈನಲ್ಲಿ ದೊಡ್ಡಾಕಿಯನ್ನು ತಪಾಸಣೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ರಜೆ ಹಾಕಿದ್ದೆ, ಅದು ನನ್ನ ಡ್ಯೂಟಿ ಆಗಿರಲಿಲ್ಲ. ಅವಳು, ಅವರವ್ವ, ನಾನು. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅವಳು ನೋಟ್‌ಬುಕ್ಕನ್ನು ದಿಂಬಿನಂತೆ ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಬೆಳಿಗ್ಗೆ ಮೊದಲು ಹೋದ ಆಸ್ಪತ್ರೆಯಲ್ಲಿ ಕೌಂಟರಿನವರು ವಯಸ್ಸು ನೋಡಿ, ‘ಹದಿನೆಂಟಾಗಿದೆ, ಇಲ್ಲಿ ಮಕ್ಕಳಿಗೆ ಮಾತ್ರ’ ಎಂದರು. ಎರಡನೆಯ ಕಡೆ ದೊಡ್ಡವರ ಹೃದಯದ ಒಪಿಡಿ. ಅಲ್ಲಿ ಚೀಟಿ ಮಾಡುವವರು, ‘ಆಪರೇಷನ್ ಎಲ್ಲಿ ಮಾಡಿದ್ದರೋ ಅಲ್ಲಿಗೇ ಹೋಗಿ’ ಎಂದರು. ಅವರವ್ವ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಜೋರು ದನಿ ಮಾಡಬೇಕಾಯಿತು. ಮಾಡಿದೆ. ಮಾಡಿದ್ದಕ್ಕೆ ಬೇಸರವಿಲ್ಲ. ಆದರೆ ಜೊತೆಗೆ ನರ್ಸ್ ಇಲ್ಲದೆ ಬಂದ ಮಗುವನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂಥ ಮಗು ಅಲ್ಲಿಂದಲೇ ಸ್ಟೇಷನ್ನಿಗೆ ಹೋಗಿಬಿಡುತ್ತದೆ, ಮತ್ತೆ ಹತ್ತು ವರ್ಷ ಆ ಕಡೆ ತಲೆ ಹಾಕುವುದಿಲ್ಲ.

ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಒಳಗೆ ಕರೆದರು. ಸಿಸ್ಟರ್ ಎಂದು ತಿಳಿದು ನನ್ನ ಕಡೆ ತಿರುಗಿ, ‘ಪೇಷಂಟ್ ಹಿಸ್ಟರಿ ಹೇಳಿ’ ಎಂದರು. ನಾನು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಮುಟ್ಟಿದಳು.

‘ನಾನ ಹೇಳ್ತೀನ್ರಿ.’

ನಿಂತುಕೊಂಡೇ ಹೇಳಿದಳು. ಹೆಸರು ಹೇಳಿದಳು, ವರ್ಷ ಹೇಳಿದಳು, ತೇಪೆ ಹೇಳಿದಳು. ‘ಕವಾಟ ಸೋರ್ತದರಿ, ಹೋದ ಸಲ ಎಕೋದಾಗ ಮೀಡಿಯಂ ಅಂತ ಬರದಾರ. ಮೆಟ್ಲ ಹತ್ತಿದ್ರ ದಮ್ಮ ಬರಂಗಿಲ್ರಿ. ಎಚ್ಚರ ತಪ್ಪಿಲ್ಲ ಒಮ್ಮೀನೂ.’ ಡಾಕ್ಟರ್ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ ಅವರು ಕೇಳಿದ್ದೆಲ್ಲ ಅವಳನ್ನೇ. ಅವರವ್ವ ನನ್ನ ಪಕ್ಕದಲ್ಲಿ ನಿಂತಿದ್ದವಳು ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಸುಮ್ಮನಿರುವುದು ಆ ತಾಯಿಗೆ ಎಷ್ಟು ಕಷ್ಟವಾಗಿತ್ತೆಂದು ಅವಳು ಹಿಡಿದ ನನ್ನ ಕೈಗೆ ಗೊತ್ತು.

ಎಕೋದಲ್ಲಿ ಸೋರಿಕೆ ಮೊದಲಿನಷ್ಟೇ ಇತ್ತು. ಬಲಗಡೆ ಸ್ವಲ್ಪ ಹಿಗ್ಗಿದೆ, ಈಗಲೇ ಕವಾಟ ಬೇಡ, ಎಂಆರ್‌ಐ ಒಂದು ಮಾಡಿಸೋಣ, ಆರು ತಿಂಗಳಿಗೆ ಬನ್ನಿ ಎಂದರು. ಹೊರಡುವಾಗ ಅವಳೇ ಕೇಳಿದಳು, ಮದುವೆಯ ಬಗ್ಗೆ. ಡಾಕ್ಟರ್ ಅವಸರ ಮಾಡದೆ ಹೇಳಿದರು. ಮದುವೆಗೆ ಅಡ್ಡಿಯಿಲ್ಲ. ಮಗು ಬೇಕೆಂದಾಗ ಮಾತ್ರ ಬಸಿರಾಗುವ ಮೊದಲೇ ಬಂದು ತೋರಿಸಬೇಕು. ಬಸಿರಿನಲ್ಲಿ ಮೈಯ ರಕ್ತ ಅರ್ಧದಷ್ಟು ಹೆಚ್ಚುತ್ತದೆ, ಸೋರುವ ಕವಾಟದ ಹೃದಯ ಅದನ್ನೂ ಹೊರಬೇಕು. ಮಗುವಿನ ಹೃದಯವನ್ನು ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯಲ್ಲಿದ್ದಾಗಲೇ ನೋಡಿಸಬೇಕು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ. ಬಸಿರಾಗದಂತೆ ಗುಳಿಗೆ ತೆಗೆದುಕೊಳ್ಳುವುದಿದ್ದರೂ ಕೇಳಿಯೇ ತೆಗೆದುಕೊಳ್ಳಬೇಕು. ಅವಳು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು.

ಮದುವೆಯ ಮಾತು ಸುಮ್ಮನೆ ಬಂದದ್ದಲ್ಲ. ಅವಳನ್ನು ನೋಡಲು ಬರುವವರಿದ್ದರು. ಅವರವ್ವ ವರ್ಷಗಳಿಂದ ಮಗಳಿಗೆ ಕತ್ತಿನವರೆಗೆ ಮುಚ್ಚುವ ಕುಪ್ಪಸವನ್ನೇ ಹೊಲಿಸುತ್ತಾಳೆ. ಎದೆಯ ನಡುವಿನ ಆ ನೇರ ಗೆರೆ ಕಾಣಬಾರದು. ‘ಮೊದಲ ಹೇಳಿದ್ರ ಯಾರ ಮಾಡ್ಕೋತಾರ ಸಿಸ್ಟರ್? ಮದುವಿ ಆದ ಮ್ಯಾಲ ಹೇಳಿದ್ರಾತು’ ಎಂದು ರೈಲಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಆ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಮೂರು ಹೆಣ್ಣುಮಕ್ಕಳು, ಎರಡೆಕರೆ ಒಣ ಬೇಸಾಯ. ಆದರೂ ಒಪ್ಪಲಿಲ್ಲ. ಮುಚ್ಚಿಟ್ಟು ಕೊಟ್ಟರೆ ನಾಳೆ ಅವಳು ತಪಾಸಣೆಗೆ ಹೋಗುವುದೂ ಮುಚ್ಚಿಟ್ಟೇ ಆಗಬೇಕಾಗುತ್ತದೆ, ಅಂದರೆ ಹೋಗುವುದೇ ಇಲ್ಲ. ಹಾಗೆ ಕಳೆದುಹೋದ ಒಬ್ಬಳನ್ನು ನಾನು ಬಲ್ಲೆ. ಅವಳ ಬಗ್ಗೆ ಇಲ್ಲಿ ಬರೆಯಲಾರೆ.

ಶ್ರಾವಣ ಕಳೆದ ಮೇಲೆ ಗಂಡಿನ ಕಡೆಯವರು ಬಂದರು. ಅವಲಕ್ಕಿ, ಚಹಾ ಆಯಿತು. ದೊಡ್ಡಾಕಿ ಒಳಗಿನಿಂದ ನೋಟ್‌ಬುಕ್ ತಂದು ಹುಡುಗನ ಸೋದರತ್ತೆಯ ಕೈಗೆ ಕೊಟ್ಟು, ‘ಇದ ಓದ್ರಿ ಅತ್ತಿ, ಗೊತ್ತಾಗಲಿಲ್ಲಂದ್ರ ನಾ ಹೇಳ್ತೀನಿ’ ಎಂದಳಂತೆ. ಆ ಸಂಬಂಧ ಕೂಡಲಿಲ್ಲ. ತಾಯಿ ಒಂದು ವಾರ ಮಗಳ ಜೊತೆ ಮಾತು ಬಿಟ್ಟಳು, ನನ್ನ ಜೊತೆ ಎರಡು ವಾರ. ಹುಡುಗಿ ಕುಷ್ಟಗಿಯ ಕಾಲೇಜಿನಲ್ಲಿ ಬಿಕಾಂ ಸೇರಿದಳು. ‘ಡಿಗ್ರಿ ಮುಗೀಲಿ ಬಿಡ್ರಿ ಅಕ್ಕಾರ, ಆಮ್ಯಾಲ ನೋಡೂಣು’ ಎಂದಳು ನನಗೆ.

ಆರು ತಿಂಗಳ ತಪಾಸಣೆ ಬಂದದ್ದು ಜನವರಿಯಲ್ಲಿ, ಗವಿಮಠದ ಜಾತ್ರೆ ಮುಗಿದ ಮೇಲೆ. ನಾನು ರಜೆ ಅರ್ಜಿ ಬರೆದಿಟ್ಟಿದ್ದೆ. ಹಿಂದಿನ ದಿನ ಫೋನ್ ಬಂತು. ‘ಈ ಸಲ ನೀವು ಬರೂದು ಬ್ಯಾಡ್ರಿ. ಅಪ್ಪನ ಕರಕೊಂಡು ಹೋಗ್ತೀನಿ. ರೆಫರಲ್ ಚೀಟಿ ತಗೊಂಡೀನಿ, ಕಾರ್ಡು, ಆಧಾರ್ ಜೆರಾಕ್ಸ್ ಇಟ್ಕೊಂಡೀನಿ. ಕೌಂಟರ್‌ನ್ಯಾಗ ಏನಾರ ಅಂದ್ರ ಏನು ಹೇಳಬೇಕಂತ ನನಗ ಗೊತ್ತೈತಿ.’

ಅರ್ಜಿ ಹರಿದೆ. ಹರಿಯುವಾಗ ಖುಷಿಯಾಯಿತೋ ದುಃಖವಾಯಿತೋ ಇವತ್ತಿಗೂ ಹೇಳಲು ಬರುವುದಿಲ್ಲ. ಮರುದಿನ ತಾವರಗೇರಾ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ತೂಕ ನೋಡುತ್ತಾ ಕೂತಿದ್ದರೂ ಕಣ್ಣು ಫೋನಿನ ಮೇಲೇ. ನಾಲ್ಕು ಗಂಟೆ ದಾಟಿದ ಮೇಲೆ ಒಂದು ಫೋಟೋ ಬಂತು. ನೋಟ್‌ಬುಕ್ಕಿನ ಪುಟ. ಹಳೆಯ ಸಾಲುಗಳ ಕೆಳಗೆ ಅವಳ ಅಕ್ಷರದಲ್ಲಿ ಹೊಸ ಸಾಲು: ತಾರೀಖು, ಎಂಆರ್‌ಐ ಆಗಿದೆ, ಎಕೋ ಮೊದಲಿನ ಹಾಗೇ, ಮುಂದಿನ ಸಲ 2027 ಜನವರಿ. ಪಕ್ಕದಲ್ಲಿ ‘ಫೋನ್ ಮಾಡಬೇಕಾದವರು’ ಎಂಬ ಸಾಲಿನಲ್ಲಿ ಮೊದಲಿದ್ದ ನನ್ನ ನಂಬರಿನ ಮೇಲೆ ಆ ಡಾಕ್ಟರ ಒಪಿಡಿಯ ನಂಬರ್ ಬರೆದಿದ್ದಳು. ನನ್ನದನ್ನು ಹೊಡೆದುಹಾಕಿರಲಿಲ್ಲ, ಅದರ ಮುಂದೆ 2 ಎಂದು ಹಾಕಿದ್ದಳು.